ಒಂದೇ ಎಲೆಯ ಎರಡು ಮದ್ದು

ಕೇಳುಗರೇ, ನಮಸ್ಕಾರ.

ಬಲಿತ ಲೋಳೆಸರದ ಎಲೆಯೊಂದನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿಯನ್ನು ಕೆಳಮುಖವಾಗಿ ಹಿಡಿಯಿರಿ. ಮೊದಲು ಇಳಿಯುವುದು ನಾವೆಲ್ಲ ಕೊಂಡಾಡುವ ತಿಳಿ ಲೋಳೆಯಲ್ಲ. ಹಸಿರು ಸಿಪ್ಪೆಯ ಒಳಮೈಯಿಂದ ಹಳದಿ ರಸ ಜಿನುಗಿ ತೊಟ್ಟಿಕ್ಕುತ್ತದೆ. ನಾಲಗೆಗೆ ತಾಗಿದರೆ ಮುಖ ಕಿವುಚಬೇಕು, ಅಷ್ಟು ಕಹಿ. ಲೋಳೆ ಇರುವುದು ಅದಕ್ಕಿಂತ ಒಳಗೆ, ಎಲೆಯ ತಿರುಳಿನಲ್ಲಿ. ಇವೆರಡಕ್ಕೂ ಗುಣ ಬೇರೆ, ಕೆಲಸ ಬೇರೆ, ಅಪಾಯವೂ ಬೇರೆ. ಲೋಳೆಸರದ ಬಗ್ಗೆ ಇರುವ ಅತಿ ಹೊಗಳಿಕೆ, ಅತಿ ಹೆದರಿಕೆ ಎರಡೂ ಹುಟ್ಟುವುದು ಇವನ್ನು ಒಂದೇ ಎಂದುಕೊಳ್ಳುವುದರಿಂದ ಎಂದು ನನಗೆ ಅನ್ನಿಸುತ್ತದೆ.

ಅರೇಬಿಯಾದ ಒಣನೆಲ ಈ ಗಿಡದ ಮೂಲ. ಅಲ್ಲಿಂದ ಹೊರಟು ಇವತ್ತು ಬಿಸಿಲಿರುವ ಕಡೆಯೆಲ್ಲ ಬೇರೂರಿದೆ. ಆದರೆ ಹಿಂದೆ ಹಡಗು ಹತ್ತಿ ದೇಶದೇಶ ತಿರುಗಿದ್ದು ಎಲೆಯೂ ಅಲ್ಲ, ಲೋಳೆಯೂ ಅಲ್ಲ. ಆ ಹಳದಿ ರಸ. ಕೊಯ್ದ ಎಲೆಗಳನ್ನು ಕೆಳಮುಖವಾಗಿ ಜೋಡಿಸಿಟ್ಟು, ಇಳಿದ ರಸವನ್ನು ಬಿಸಿಲಲ್ಲೋ ಒಲೆಯ ಮೇಲೋ ಬತ್ತಿಸಿದರೆ ಗಾಜಿನಂತೆ ಹೊಳೆಯುವ ಕಪ್ಪು ಗಟ್ಟಿ ಉಳಿಯುತ್ತದೆ. ಅದೇ ಕರಿಬೋಳ, ಮುಸಬ್ಬರ ಎಂದೂ ಕರೆಯುತ್ತಾರೆ. ಕ್ರಿಸ್ತಶಕ 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಹೊಟ್ಟೆ ತೊಳೆಯುವುದಕ್ಕೆ, ಗಾಯಕ್ಕೆ, ಮೂಲವ್ಯಾಧಿಗೆ, ಕೂದಲು ಉದುರುವುದಕ್ಕೆ ಇದನ್ನು ಹೇಳಿದ್ದಾನೆ. ಆಯುರ್ವೇದದಲ್ಲಿ ಈ ಗಟ್ಟಿಯಾದ ರಸ ಕನ್ಯಾಸಾರ. ನಿಂತ ಮುಟ್ಟನ್ನು ಬರಿಸುವ ಮಾತ್ರೆಗಳಲ್ಲಿ ಸೇರುತ್ತದೆ. ಉಗುರು ಕಚ್ಚುವ ಮಕ್ಕಳ ಬೆರಳಿಗೆ ಕಹಿ ಬಳಿಯುವುದೂ ಹಳೆಯ ಉಪಾಯವೇ, ಮದ್ದುಗಳ ಪೈಕಿ ಅದೇ ಅತ್ಯಂತ ನಿರುಪದ್ರವಿ ಎನ್ನಬೇಕು.

ಆ ಕಹಿಯ ಮೂಲ ಆಲೋಯಿನ್ ಎಂಬ ಪದಾರ್ಥ. ಜಠರದಲ್ಲಿ ಅದು ಸುಮ್ಮನಿರುತ್ತದೆ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ, ಆಗ ಕರುಳು ಕೆರಳಿ ನೀರು ಬಿಡುತ್ತದೆ. ಅದಕ್ಕೇ ರಾತ್ರಿ ನುಂಗಿದ್ದರ ಪರಿಣಾಮ ಬೆಳಿಗ್ಗೆ ಕಾಣುವುದು. ಭೇದಿಯೇನೋ ಆಗುತ್ತದೆ, ಜೊತೆಗೆ ಹೊಟ್ಟೆ ಹಿಂಡುವ ನೋವೂ ಬರುತ್ತದೆ. ದಿನವೂ ತೆಗೆದುಕೊಂಡರೆ ದೇಹದ ಪೊಟ್ಯಾಸಿಯಂ ಕರಗಿಹೋಗುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ನುಂಗುವವರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ನೇರ ಅಪಾಯ. ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಇದರ ಹತ್ತಿರ ಹೋಗಬಾರದು. ಈ ರಸ ಸೇರಿದ ಭೇದಿ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2002ರಲ್ಲಿ ನಿಲ್ಲಿಸಿತು; ಸುರಕ್ಷತೆಗೆ ಬೇಕಾದ ಪುರಾವೆಯನ್ನು ತಯಾರಕರು ಒದಗಿಸಿರಲಿಲ್ಲ. ಆಮೇಲೆ, ಹಳದಿ ರಸ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ನೀರಿನಲ್ಲಿ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡುಬಂದವು. ಇಲಿಗೆ ಬಂದದ್ದು ಮನುಷ್ಯನಿಗೂ ಬಂದೇ ಬರುತ್ತದೆ ಎಂದೇನಿಲ್ಲ, ನಿಜ. ಆದರೂ ಎಲೆಯನ್ನು ಸಿಪ್ಪೆ ಸಮೇತ ರುಬ್ಬಿ ದಿನಾ ಬೆಳಿಗ್ಗೆ ಕುಡಿಯುವ ಗೀಳನ್ನು ನಾನಂತೂ ಒಪ್ಪಲಾರೆ.

ಇನ್ನು ಲೋಳೆ. ಇದರಲ್ಲಿ ಶೇಕಡ 99ರಷ್ಟು ನೀರೇ. ಉಳಿದ ಚೂರು ಪಾಲಿನಲ್ಲಿ ಸಕ್ಕರೆಯ ಉದ್ದ ಸರಪಳಿಗಳಿವೆ. ಜಾರುವ ಗುಣ, ನೀರು ಹಿಡಿದಿಡುವ ಗುಣ ಅವುಗಳದೇ. ಸುಟ್ಟ ಚರ್ಮಕ್ಕೆ ಹಚ್ಚಿದಾಗ ತಂಪೆನಿಸುವುದಕ್ಕೆ, ಮೇಲುಗಾಯ ಒಣಗಿ ಬಿರಿಯದಿರುವುದಕ್ಕೆ ಇದೇ ಕಾರಣ. ಬಿಸಿಲಿಗೆ ಕೆಂಪಾದ ಚರ್ಮ, ಬಿಸಿ ಪಾತ್ರೆ ತಾಗಿದ ಚಿಕ್ಕ ಸುಟ್ಟಗಾಯ, ತರಚು, ಒಣತುರಿಕೆ, ಇಂಥವಕ್ಕೆ ಲೋಳೆ ಒಳ್ಳೆಯದು.

ಲೋಳೆಗೆ ಆಧುನಿಕ ವೈದ್ಯಲೋಕದಲ್ಲಿ ಹೆಸರು ತಂದದ್ದು ಒಂದು ಸ್ವಾರಸ್ಯದ ಪ್ರಸಂಗ. 1935ರಲ್ಲಿ ಅಮೆರಿಕದ ವೈದ್ಯರಿಬ್ಬರು, ಎಕ್ಸ್‌ರೇ ಚಿಕಿತ್ಸೆಯಿಂದ ಸುಟ್ಟ ಚರ್ಮ ಹಸಿ ಎಲೆಯಿಂದ ವಾಸಿಯಾಯಿತೆಂದು ವರದಿ ಮಾಡಿದರು. ಕೀರ್ತಿ ಹಬ್ಬಿತು. 1996ರಲ್ಲಿ, ಸ್ತನ ಕ್ಯಾನ್ಸರ್‌ಗೆ ವಿಕಿರಣ ಪಡೆಯುತ್ತಿದ್ದ ಮಹಿಳೆಯರ ಮೇಲೆ ಪರೀಕ್ಷಿಸಿದಾಗ ಲೋಳೆ ಚರ್ಮವನ್ನು ಕಾಪಾಡಲಿಲ್ಲ! ಅದಕ್ಕೂ ಮೊದಲು, 1991ರ ಇನ್ನೊಂದು ಅಧ್ಯಯನದಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಬಾಯಿ ಬಿಟ್ಟ ಗಾಯಗಳು ಲೋಳೆಯ ಮುಲಾಮಿನಿಂದ ಇನ್ನಷ್ಟು ತಡವಾಗಿ ಕೂಡಿದ್ದವು. ಸುಟ್ಟಗಾಯದ ಲೆಕ್ಕ ಬೇರೆ. ಅಲ್ಲಿನ ಅಧ್ಯಯನಗಳನ್ನು 2007ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಹೆಚ್ಚು ಆಳವಿಲ್ಲದ ಗಾಯಗಳು ಸುಮಾರು ಒಂಬತ್ತು ದಿನ ಮೊದಲೇ ವಾಸಿಯಾಗಿದ್ದವು. ಹಾಗಾಗಿ ಚರ್ಮದ ಮೇಲ್ಪದರದ ಕೆಲಸಕ್ಕೆ ಲೋಳೆಯನ್ನು ನಂಬಬಹುದು, ಆಳದ ಗಾಯಕ್ಕೆ, ಹೊಲಿಗೆಗೆ, ಕೀವಿಗೆ ಬೇಡ. ಬೋಳುತಲೆಯಲ್ಲಿ ಕೂದಲು ಹುಟ್ಟಿಸುತ್ತದೆ ಎಂಬ ಮಾತನ್ನು ಇಲ್ಲಿಗೇ ಬಿಟ್ಟುಬಿಡೋಣ.

ಮನೆಯಲ್ಲಿ ಬಳಸುವವರು ಮೊದಲು ಗಿಡ ಯಾವುದೆಂದು ಖಚಿತಮಾಡಿಕೊಳ್ಳಿ. ಕತ್ತಾಳೆ ದೂರದಿಂದ ಹೀಗೇ ಕಾಣುತ್ತದೆ. ಅದರ ಎಲೆಯೊಳಗೆ ಗಟ್ಟಿ ನಾರಿದೆ, ರಸ ತಾಗಿದರೆ ಚರ್ಮ ಉರಿದು ತುರಿಸುತ್ತದೆ. ಲೋಳೆಸರವೇ ಎಂದು ಗೊತ್ತಾದ ಮೇಲೆ ಹೊರಸುತ್ತಿನ ದಪ್ಪ ಎಲೆಯನ್ನು ಕೊಯ್ದು, ಕಾಲು ಗಂಟೆ ಕೆಳಮುಖವಾಗಿ ನಿಲ್ಲಿಸಿಡಿ. ಹಳದಿ ರಸ ಪೂರ್ತಿ ಇಳಿಯಲಿ. ತೊಳೆದು, ಮುಳ್ಳಿನ ಅಂಚುಗಳನ್ನು ಸವರಿ, ಸಿಪ್ಪೆಯನ್ನು ದಪ್ಪಗೆ ಹೆರೆದು, ತಿಳಿಯಾದ ತಿರುಳನ್ನಷ್ಟೇ ತೆಗೆಯಿರಿ. ತೆಗೆದ ತಿರುಳನ್ನು ಆಗಲೇ ಬಳಸಬೇಕು, ಇಟ್ಟರೆ ನೀರಾಗಿ ಕಂದುತ್ತದೆ. ಅಂಗಡಿಯ ಡಬ್ಬಿಯಲ್ಲಿರುವುದು ಅಚ್ಚಹಸಿರಾಗಿದ್ದರೆ ಆ ಬಣ್ಣ ಎಲೆಯದಲ್ಲ, ಲೋಳೆಗೆ ಬಣ್ಣವೇ ಇಲ್ಲ.

ಸುಟ್ಟ ಕೂಡಲೇ ಲೋಳೆ ಹುಡುಕಿಕೊಂಡು ಓಡಬೇಡಿ. ಮೊದಲು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಲೋಳೆಯ ಸರದಿ ಆಮೇಲೆ. ಮೊದಲ ಸಲ ಹಚ್ಚುವವರು ಮುಂಗೈ ಒಳಬದಿಗೆ ಸ್ವಲ್ಪ ಸವರಿ ಒಂದು ದಿನ ಕಾದು ನೋಡಿ. ಕೆಲವರ ಮೈಗೆ ಇದು ಆಗಿಬರುವುದಿಲ್ಲ. ಅಂಗೈಗಿಂತ ಅಗಲವಾಗಿ ಸುಟ್ಟಿದ್ದರೆ, ಮುಖ, ಕಣ್ಣು, ಕೀಲುಗಳ ಮೇಲೆ ಸುಟ್ಟಿದ್ದರೆ, ಚರ್ಮ ಬಿಳಿಚಿ ಮರಗಟ್ಟಿದ್ದರೆ ಏನನ್ನೂ ಹಚ್ಚದೆ ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ. ನಮಸ್ಕಾರ.