ಜೈಲಿನ ಅಂಗಳದ ಟೊಮ್ಯಾಟೊ ಗಿಡ

ಕೇಳುಗರೇ, ನಮಸ್ಕಾರ. ಕೋಲಾರದವರಿಗೆ ಟೊಮ್ಯಾಟೊ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಟು ಬಂದರೆ ಹಬ್ಬ, ಬಿದ್ದರೆ ತಂದದ್ದನ್ನೆಲ್ಲ ರಸ್ತೆ ಬದಿಗೆ ಸುರಿಯುವುದು. ಎರಡನ್ನೂ ಕಂಡವರು ನಾವು. ಇವತ್ತು ನಾನು ಹೇಳುವುದು ಮಾರ್ಕೆಟ್ಟಿಗೆ ಹೋಗದ ಟೊಮ್ಯಾಟೊ ಕಥೆ. ಬೆಳೆದವರು ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ವಿರುದ್ಧ ಹೋರಾಡಿ ಜೈಲು ಸೇರಿದ ನೆಲ್ಸನ್ ಮಂಡೇಲಾ.

ಅವರನ್ನು 1962ರಲ್ಲಿ ಹಿಡಿದರು. ಬಿಟ್ಟದ್ದು 1990ರ ಫೆಬ್ರವರಿ 11ರಂದು. ಅದರಲ್ಲಿ 18 ವರ್ಷ ರಾಬೆನ್ ದ್ವೀಪದ ಜೈಲಿನಲ್ಲೇ ಕಳೆಯಿತು. ಮೊದಮೊದಲು ಆರು ತಿಂಗಳಿಗೆ ಒಂದೇ ಕಾಗದ, ಒಂದೇ ಭೇಟಿ. 1968ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಹಿರಿಯ ಮಗ. ಎರಡು ಸಲವೂ ಮಣ್ಣಿಗೆ ಹೋಗಲು ಬಿಡಲಿಲ್ಲ.

ಹಗಲೆಲ್ಲ ಸುಣ್ಣಕಲ್ಲಿನ ಕ್ವಾರಿಯಲ್ಲಿ ಕೆಲಸ. ಬಿಸಿಲಿಗೆ ಬಿಳಿ ಕಲ್ಲು ಹೊಳೆದು ಹೊಳೆದು ಕಣ್ಣೇ ಕೆಟ್ಟಿತು. ಇಷ್ಟು ಸಾಲದು ಅಂತ, ಜೈಲಿನ ಅಂಗಳದಲ್ಲಿ ತೋಟ ಮಾಡುತ್ತೇನೆ ಎಂದು ಕೇಳಿದರು. ವರ್ಷಗಟ್ಟಲೆ ಇಲ್ಲ ಅಂದವರು, ಕೊನೆಗೆ ಗೋಡೆ ಪಕ್ಕ ಒಂದು ಪಟ್ಟಿ ಜಾಗ ಕೊಟ್ಟರು. ಅಗೆದರೆ ಬರೀ ಕಲ್ಲು. ಹಗಲು ಕ್ವಾರಿ, ಬಿಡುವಾದರೆ ಇಲ್ಲೂ ಅಗೆತ! ಇವನು ಹುಟ್ಟಾ ಗಣಿ ಕೆಲಸದವನೇ ಅಂತ ಜೊತೆಯವರು ನಗುತ್ತಿದ್ದರಂತೆ. ಕೆಜಿಎಫ್ ಕಡೆಯವರಿಗೆ ಈ ತಮಾಷೆ ಬೇಗ ಹತ್ತುತ್ತದೆ, ಅಲ್ವಾ?

ಹಾಕಿದ್ದು ಟೊಮ್ಯಾಟೊ, ಮೆಣಸಿನಕಾಯಿ, ಈರುಳ್ಳಿ. ಮೊದಲ ಬೆಳೆ ಅಷ್ಟಕ್ಕಷ್ಟೆ. ಆಮೇಲೆ ಕೈಗೆ ಬಂತು. ಒಳ್ಳೊಳ್ಳೆ ಹಣ್ಣು ಆರಿಸಿ ಕಾವಲುಗಾರರಿಗೂ ಕೊಟ್ಟರು. 1982ರಲ್ಲಿ ಪೋಲ್ಸ್‌ಮೂರ್ ಜೈಲಿಗೆ ಸಾಗಿಸಿದಾಗ ಅಲ್ಲಿ ಮಣ್ಣೇ ಇಲ್ಲ, ಸಿಮೆಂಟ್ ತಾರಸಿ. ಎಣ್ಣೆ ಡ್ರಮ್ಮುಗಳನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ, ಮತ್ತೆ ಶುರು ಮಾಡಿದರು.

ಮನೋಬಲ, ಛಲ ಅಂತ ದೊಡ್ಡ ಮಾತು ಹೇಳುತ್ತಾರೆ. ನನಗೆ ಕಾಣುವುದು ಅದಕ್ಕಿಂತ ಸಣ್ಣದು. ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಬೇರೆಯವರ ಗಂಟೆಗೆ. ಗಿಡಕ್ಕೆ ನೀರು ಹಾಕುವುದು ಮಾತ್ರ ತನ್ನ ಕೈಯಲ್ಲಿ. ಒಳಗಿರುವವನು ಕೈದಿ ಅಂತ ಗಿಡಕ್ಕೇನು ಗೊತ್ತು? ಒಂದು ದಿನ ಮರೆತರೆ ತಲೆ ಬಾಗಿಸುತ್ತದೆ. ನಾಳೆ ಬೆಳಗ್ಗೆ ಏಳಲು ಅಷ್ಟು ನೆಪ ಸಾಕು.

ಒಂದು ಸಲ ಹೀಗಾಯಿತು. ಸಸಿಯಿಂದ ಸಾಕಿ, ಕೆಂಪು ಹಣ್ಣು ಬಿಟ್ಟ ಟೊಮ್ಯಾಟೊ ಗಿಡ ಸೊರಗತೊಡಗಿತು. ಏನು ಮಾಡಿದರೂ ಉಳಿಯಲಿಲ್ಲ. ಅದನ್ನು ಹೆಂಡತಿಗೆ ಕಾಗದದಲ್ಲಿ ಬರೆದರು. ನಾವಾದರೆ ಅಂಥ ಗಿಡವನ್ನು ಕಿತ್ತು ಬದುವಿಗೆ ಎಸೆದು ಸುಮ್ನೆ ಮುಂದೆ ಹೋಗುತ್ತೇವೆ. ಮಂಡೇಲಾ ಬೇರನ್ನು ಬಿಡಿಸಿಕೊಂಡರು. ತೊಳೆದರು. ತೋಟದ ಒಂದು ಮೂಲೆಯಲ್ಲಿ ಮಣ್ಣು ಮಾಡಿದರು.