ಸಾರಿ, ಅದು ಗೋಲ್ ಆಗಿತ್ತು

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ಅಭಿಮಾನಿಗಳ ಸಿಟ್ಟಿನ ಬಗ್ಗೆ ಮಾತಾಡಿ ಅಂದಾಗ ನನಗೆ ಮೊದಲು ನಗು ಬಂತು. ಸಿಟ್ಟಿಲ್ಲದ ಅಭಿಮಾನಿ ಎಲ್ಲಾದರೂ ಇದ್ದಾನಾ? ರೆಫರಿಗೆ ಬೈಯುವುದು ಈ ಆಟದಷ್ಟೇ ಹಳೆಯ ಚಟ. ಆದರೆ ಈಗಿನ ಸಿಟ್ಟು ಬೇರೆ ಥರದ್ದು. ಮೊದಲೆಲ್ಲ "ಇವನಿಗೆ ಕಣ್ಣು ಕಾಣಲ್ವಾ" ಅಂತ ಬೈಯುತ್ತಿದ್ದೆವು. ಈಗ ರೆಫರಿಗೆ ಕ್ಯಾಮೆರಾಗಳ ಕಣ್ಣನ್ನೂ ಕೊಟ್ಟಿದ್ದಾರೆ. ಬೇಕಾದಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಬಹುದು. ಆದರೂ ತಪ್ಪಾಗುತ್ತದೆ. ಆಮೇಲೆ ಒಂದು ಹೇಳಿಕೆ ಬರುತ್ತದೆ. ಸಾರಿ, ಅದು ಗೋಲ್ ಆಗಿತ್ತು. ಇದನ್ನು ಕೇಳಿದ ಮೇಲೆ ಸಿಟ್ಟು ಇಳಿಯಬೇಕು, ಅಲ್ವಾ? ಇಳಿಯುವುದಿಲ್ಲ, ಇನ್ನೂ ಏರುತ್ತದೆ. ಅದು ಯಾಕೆ ಅಂತ ಇವತ್ತು ಸ್ವಲ್ಪ ಯೋಚಿಸೋಣ.

2023ರ ಸೆಪ್ಟೆಂಬರ್ 30. ಇಂಗ್ಲೆಂಡಿನ ಅತಿ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ, ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್ ಕ್ಲಬ್ಬುಗಳ ನಡುವೆ ಪಂದ್ಯ. ಲಿವರ್‌ಪೂಲ್‌ನ ಒಬ್ಬ ಆಟಗಾರ ಆಗಲೇ ರೆಡ್ ಕಾರ್ಡ್ ತಿಂದು ಹೊರಗೆ ಹೋಗಿದ್ದ. ಇನ್ನೂ ಯಾರೂ ಗೋಲ್ ಹೊಡೆದಿರಲಿಲ್ಲ. 34ನೇ ನಿಮಿಷದಲ್ಲಿ ಸಲಾಹ್ ಕೊಟ್ಟ ಪಾಸ್ ಹಿಡಿದು ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲ್ ಹೊಡೆದ. ಲೈನ್ಸ್‌ಮನ್ ಬಾವುಟ ಎತ್ತಿದ, ಆಫ್‌ಸೈಡ್. ಅಂದರೆ ಪಾಸ್ ಕೊಟ್ಟ ಕ್ಷಣದಲ್ಲಿ ಅವನು ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದೆ ಇದ್ದ, ಗೋಲ್ ಇಲ್ಲ ಅಂತ. ಪರವಾಗಿಲ್ಲ, ಇಂಥದ್ದಕ್ಕೇ ಅಲ್ವಾ ವಿಎಆರ್, ಅಂದರೆ ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಇರುವುದು? ಪ್ರೀಮಿಯರ್ ಲೀಗ್‌ನ ವಿಡಿಯೋ ಕೋಣೆ ಆಗ ಇದ್ದದ್ದು ಪಶ್ಚಿಮ ಲಂಡನ್ನಿನ ಸ್ಟಾಕ್ಲಿ ಪಾರ್ಕ್‌ನಲ್ಲಿ. ಅಲ್ಲಿ ಕೂತ ವಿಡಿಯೋ ರೆಫರಿ ದೃಶ್ಯ ನೋಡಿದ, ಗೆರೆ ಎಳೆಸಿದ. ಡಿಯಾಜ್ ಆನ್‌ಸೈಡ್ ಇದ್ದಾನೆ ಅಂತ ಸರಿಯಾಗಿಯೇ ಕಂಡುಕೊಂಡ.

ಇಲ್ಲಿಯವರೆಗೆ ಯಂತ್ರದ್ದೂ ತಪ್ಪಿಲ್ಲ, ಮನುಷ್ಯನ ಕಣ್ಣಿನದ್ದೂ ತಪ್ಪಿಲ್ಲ. ಎಡವಟ್ಟಾದದ್ದು ಬಾಯಲ್ಲಿ. ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂತ ಆ ವಿಡಿಯೋ ರೆಫರಿ ತಿಳಿದುಕೊಂಡಿದ್ದ. ಹಾಗಾಗಿ ಮೈಕಿನಲ್ಲಿ ಹೇಳಿದ್ದು "ಚೆಕ್ ಕಂಪ್ಲೀಟ್" ಅಂತ. ಅಂದರೆ ಎಲ್ಲ ಸರಿಯಾಗಿದೆ, ನಿಮ್ಮ ತೀರ್ಮಾನವೇ ಇರಲಿ. ಮೈದಾನದ ತೀರ್ಮಾನ ಇದ್ದದ್ದು ಆಫ್‌ಸೈಡ್! ಮೈದಾನದ ರೆಫರಿಗೂ ಅನುಮಾನ ಬರಲಿಲ್ಲ. ಟಾಟನ್‌ಹ್ಯಾಮ್‌ಗೆ ಫ್ರೀ ಕಿಕ್ ಕೊಟ್ಟ, ಆಟ ಮತ್ತೆ ಶುರುವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಎರಡೇ ಪದದಲ್ಲಿ ಹೋಯಿತು.

ಮೂರು ದಿನ ಬಿಟ್ಟು ಆ ಕೋಣೆಯ ಧ್ವನಿಮುದ್ರಿಕೆ ಹೊರಗೆ ಬಿಟ್ಟರು. ಕೇಳಿದರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ತಪ್ಪನ್ನು ಮೊದಲು ಹಿಡಿದದ್ದು ರೆಫರಿಗಳಲ್ಲ, ದೃಶ್ಯ ತಿರುಗಿಸಿ ತೋರಿಸುವ ಆಪರೇಟರ್. ತಡೀರಿ ತಡೀರಿ, ಮೈದಾನದಲ್ಲಿ ಕೊಟ್ಟದ್ದು ಆಫ್‌ಸೈಡ್, ನಿಮಗೆ ಇದು ಓಕೆನಾ ಅಂತ ಅವನು ಕೇಳುತ್ತಾನೆ. ಆಮೇಲೆ ಆಟ ನಿಲ್ಲಿಸಿ ಅನ್ನುವ ಮಾತೂ ಬರುತ್ತದೆ. ವಿಡಿಯೋ ರೆಫರಿಯದ್ದು ಒಂದೇ ಉತ್ತರ, ಏನೂ ಮಾಡುವ ಹಾಗಿಲ್ಲ. ನಿಯಮದ ಪ್ರಕಾರ ಅವನು ಹೇಳಿದ್ದು ಸರಿಯೇ. ಆಟ ಮತ್ತೆ ಶುರುವಾದ ಮೇಲೆ ಕೆಲವು ರೆಡ್ ಕಾರ್ಡ್ ಪ್ರಕರಣ, ಆಟಗಾರನ ಗುರುತು ತಪ್ಪಿದ ಪ್ರಕರಣ ಬಿಟ್ಟರೆ ಹಿಂದಕ್ಕೆ ಹೋಗುವಂತಿಲ್ಲ. ನಿಯಮ ಉಳಿಯಿತು, ಗೋಲ್ ಹೋಯಿತು. ಕೊನೆಗೆ ಲಿವರ್‌ಪೂಲ್ ಒಂಬತ್ತು ಜನರಲ್ಲಿ ಆಡುತ್ತಾ, ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ತನ್ನದೇ ಗೋಲಿಗೆ ಚೆಂಡು ಸೇರಿಸಿಕೊಂಡು 2-1ರಲ್ಲಿ ಸೋತಿತು.

ಇಂಗ್ಲೆಂಡಿನಲ್ಲಿ ದೊಡ್ಡ ಪಂದ್ಯಗಳ ರೆಫರಿಗಳನ್ನು ನೋಡಿಕೊಳ್ಳುವ ಸಂಸ್ಥೆ ಪಿಜಿಎಂಒಎಲ್. ಇದು ದೊಡ್ಡ ಮಾನವ ದೋಷ ಅಂತ ಅದು ಅವತ್ತೇ ರಾತ್ರಿ ಒಪ್ಪಿಕೊಂಡಿತು. ಪಂದ್ಯ ಮತ್ತೆ ಆಡಿಸುವುದೇ ನ್ಯಾಯ ಅಂತ ಲಿವರ್‌ಪೂಲ್ ಕೋಚ್ ಕ್ಲಾಪ್ ಹೇಳಿದರು. ಅದು ಆಗಲಿಲ್ಲ. ಆಗುವುದೂ ಇಲ್ಲ, ವಿಎಆರ್ ತಪ್ಪು ಮಾಡಿದರೆ ಪಂದ್ಯ ಅಸಿಂಧು ಆಗುವುದಿಲ್ಲ ಅಂತ ನಿಯಮದಲ್ಲೇ ಬರೆದಿದೆ.

ಈಗ ಅಭಿಮಾನಿಯ ಕಡೆಯಿಂದ ನೋಡಿ. ಮೈದಾನದಲ್ಲಿ ಕೂತವನಿಗೆ ಇದ್ಯಾವುದೂ ಗೊತ್ತಿಲ್ಲ. ಬಾವುಟ ಎದ್ದದ್ದು ಕಂಡಿತು, ಫ್ರೀ ಕಿಕ್ ಕಂಡಿತು. ಟಿವಿಯಲ್ಲಿ ನೋಡುತ್ತಿದ್ದವನಿಗೆ ದುಡ್ಡು ಕೊಟ್ಟು ಒಳಗೆ ಕೂತವನಿಗಿಂತ ಜಾಸ್ತಿ ಗೊತ್ತು. ಇದು ನನಗೆ ಯಾವತ್ತೂ ಅರ್ಥವಾಗದ ಲೆಕ್ಕ.

ವಿಎಆರ್ ಬಂದದ್ದು ಹೇಗೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಆಟದ ನಿಯಮ ಬರೆಯುವ ಮಂಡಳಿ 2018ರ ಮಾರ್ಚ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ರಷ್ಯಾದ ವಿಶ್ವಕಪ್‌ನಲ್ಲಿ ಬಳಸಿದರು, ಪ್ರೀಮಿಯರ್ ಲೀಗ್‌ಗೆ ಬಂದದ್ದು 2019ರಲ್ಲಿ. ಆಗ ನೋಡಬೇಕಾಗಿದ್ದದ್ದು ನಾಲ್ಕೇ ವಿಷಯ. ಗೋಲ್, ಪೆನಾಲ್ಟಿ, ನೇರ ರೆಡ್ ಕಾರ್ಡ್, ಗುರುತು ತಪ್ಪಿದ್ದು. ಅದರಲ್ಲೂ ಎದ್ದು ಕಾಣುವ ತಪ್ಪಿದ್ದರೆ ಮಾತ್ರ ಕೈ ಹಾಕಬೇಕು. ಕಡಿಮೆ ಅಡ್ಡಿ, ಜಾಸ್ತಿ ಲಾಭ ಅನ್ನುವುದು ಅವರ ಧ್ಯೇಯ. ಕೇಳುವುದಕ್ಕೆ ಚೆನ್ನಾಗಿದೆ.

ಆದರೆ ಎದ್ದು ಕಾಣುವ ತಪ್ಪು ಅಂದರೆ ಯಾರ ಕಣ್ಣಿಗೆ? ಮೂರು ನಿಮಿಷ ಹುಡುಕಿ ಕಂಡುಹಿಡಿದ ತಪ್ಪು ಎದ್ದು ಕಾಣುವುದು ಹೇಗೆ? ಆಫ್‌ಸೈಡ್ ಗೆರೆಯನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾ ಇದೆ ಅಂದುಕೊಳ್ಳಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡುವವನು ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವೆ 20 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಚೆಂಡು ಕಾಲು ಬಿಟ್ಟ ಕ್ಷಣ ಯಾವ ಚಿತ್ರದಲ್ಲಿದೆ ಅಂತ ಆರಿಸುವವನು ಮನುಷ್ಯ. ಹಾಗಿದ್ದೂ ಕಂಕುಳು, ಹೆಬ್ಬೆರಳು ಮುಂದಿತ್ತು ಅಂತ ಗೋಲ್ ಕಿತ್ತುಕೊಂಡರೆ ಯಾರಿಗೆ ಉರಿಯಲ್ಲ? ಇದನ್ನು ಸರಿ ಮಾಡಲು 2022ರ ಕತಾರ್ ವಿಶ್ವಕಪ್‌ನಲ್ಲಿ ಅರೆ-ಸ್ವಯಂಚಾಲಿತ ಆಫ್‌ಸೈಡ್ ತಂದರು. ಹನ್ನೆರಡು ಕ್ಯಾಮೆರಾ, ಒಬ್ಬೊಬ್ಬ ಆಟಗಾರನ ಮೈಮೇಲೆ 29 ಗುರುತು, ಚೆಂಡಿನೊಳಗೆ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುವ ಸೆನ್ಸರ್. ಪ್ರೀಮಿಯರ್ ಲೀಗ್ 2025ರ ಏಪ್ರಿಲ್‌ನಲ್ಲಿ ಇಂಥ ವ್ಯವಸ್ಥೆ ತಂದಿತು. ಒಳ್ಳೆಯದೇ. ಆದರೆ ಡಿಯಾಜ್ ಗೋಲಿನ ಥರದ ಮಾತಿನ ಎಡವಟ್ಟನ್ನು ಯಾವ ಸೆನ್ಸರ್ ತಡೆಯುತ್ತದೆ?

ಇನ್ನೊಂದು ನಷ್ಟ ಇದೆ, ಲೆಕ್ಕಕ್ಕೆ ಸಿಗದ್ದು. ಫುಟ್‌ಬಾಲ್‌ನಲ್ಲಿ ಗೋಲ್ ಬರುವುದೇ ಅಪರೂಪ. ಬಂದಾಗ ಪಕ್ಕದಲ್ಲಿ ಕೂತ ಗುರುತಿಲ್ಲದವನನ್ನೂ ತಬ್ಬಿಕೊಳ್ಳುತ್ತೇವೆ. ಈಗ ತಬ್ಬಿಕೊಳ್ಳುವ ಮುಂಚೆ ಒಂದು ಕಣ್ಣು ಲೈನ್ಸ್‌ಮನ್ ಮೇಲೆ, ಇನ್ನೊಂದು ಕಣ್ಣು ದೊಡ್ಡ ಪರದೆ ಮೇಲೆ. ಗೋಲ್ ಸಿಕ್ಕರೂ ಖುಷಿ ತಣ್ಣಗಾಗಿ ಕೈಗೆ ಬರುತ್ತದೆ. ಇಂಗ್ಲೆಂಡಿನ ಮೈದಾನಗಳಲ್ಲಿ ಜನ "ಇದು ಫುಟ್‌ಬಾಲೇ ಅಲ್ಲ" ಅಂತ ಹಾಡುತ್ತಾರೆ. ಹಾಡಿನ ಮುಂದಿನ ಸಾಲು ಇಲ್ಲಿ ಹೇಳುವಂಥದ್ದಲ್ಲ.

ಸರಿ, ಕ್ಷಮೆಗೆ ಬರೋಣ. 2023ರ ಫೆಬ್ರವರಿ 11ರಂದು ಒಂದೇ ದಿನ ಎರಡು ಕಡೆ ತಪ್ಪಾಯಿತು. ಆರ್ಸೆನಲ್ ವಿರುದ್ಧ ಬ್ರೆಂಟ್‌ಫರ್ಡ್ ಹೊಡೆದ ಗೋಲಿನಲ್ಲಿ ಒಬ್ಬ ಆಫ್‌ಸೈಡ್ ಇದ್ದ. ಅವನಿಗೆ ಗೆರೆ ಎಳೆಯುವುದನ್ನೇ ಮರೆತರು. ಅತ್ತ ಕ್ರಿಸ್ಟಲ್ ಪ್ಯಾಲೆಸ್ ಮೈದಾನದಲ್ಲಿ ಬ್ರೈಟನ್‌ನ ಸರಿಯಾದ ಗೋಲ್ ರದ್ದಾಯಿತು, ಯಾಕೆಂದರೆ ಗೆರೆ ಎಳೆದದ್ದು ಬೇರೆ ಡಿಫೆಂಡರ್‌ಗೆ. ಎರಡೂ ಪಂದ್ಯ 1-1. ಎರಡೂ ಕ್ಲಬ್ಬಿಗೆ ಕ್ಷಮೆ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಒನಾನಾ ಚೆಂಡು ಬಿಟ್ಟು ವುಲ್ವ್ಸ್ ಆಟಗಾರನಿಗೆ ಗುದ್ದಿದ. ಪೆನಾಲ್ಟಿ ಕೊಡಲಿಲ್ಲ, ವುಲ್ವ್ಸ್ 1-0ಯಲ್ಲಿ ಸೋತಿತು. ಪೆನಾಲ್ಟಿ ಕೊಡಬೇಕಿತ್ತು ಅಂತ ಅವರ ಕೋಚ್‌ಗೆ ಅವತ್ತು ರಾತ್ರಿಯೇ ಹೇಳಿದರು. ಕೋಚ್ ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಪಾಯಿಂಟ್ ಪಟ್ಟಿಯಲ್ಲಿ ಕ್ಷಮೆಗೆ ಅಂತ ಒಂದು ಕಾಲಂ ಇಲ್ಲವಲ್ಲ.

ಇದಕ್ಕಿಂತ ಮುಖ್ಯ ಒಂದು ವಿಷಯ. ಈ ಕ್ಷಮೆ ಬರುವುದು ಆ ದಿನ ಅನ್ಯಾಯ ಆದ ಕ್ಲಬ್ಬಿಗೆ ಮಾತ್ರ. ಆದರೆ ಲೀಗ್ ಅನ್ನುವುದು ಒಂದೇ ಚಾಪೆ, ಇಪ್ಪತ್ತು ತಂಡ ಅದರ ಮೇಲೆ ಕೂತಿವೆ. ಒಂದು ಮೂಲೆ ಎಳೆದರೆ ಇನ್ನೊಂದು ಮೂಲೆಯಲ್ಲಿ ಕೂತವನು ಬೀಳುತ್ತಾನೆ. 2022ರ ಫೆಬ್ರವರಿಯಲ್ಲಿ ಎವರ್ಟನ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ ಕೈಗೆ ಚೆಂಡು ತಗುಲಿತು. ಪೆನಾಲ್ಟಿ ಕೊಡಲಿಲ್ಲ, ಸಿಟಿ 1-0ಯಲ್ಲಿ ಗೆದ್ದಿತು. ರೆಫರಿಗಳ ಮುಖ್ಯಸ್ಥರು ಎವರ್ಟನ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಆ ವರ್ಷ ಸಿಟಿ 93 ಪಾಯಿಂಟಿಗೆ ಚಾಂಪಿಯನ್ ಆಯಿತು. ಎರಡನೇ ಸ್ಥಾನದ ಲಿವರ್‌ಪೂಲ್‌ಗೆ 92. ಲಿವರ್‌ಪೂಲ್‌ಗೆ ಯಾರು ಫೋನ್ ಮಾಡಬೇಕಿತ್ತು?

ಇನ್ನೂ ಒಂದು ಕೇಳಿ. 2020ರ ಜೂನ್ 17, ಕೊರೊನಾ ಬಿಡುವಿನ ನಂತರ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ. ಖಾಲಿ ವಿಲಾ ಪಾರ್ಕ್‌ನಲ್ಲಿ ಆಸ್ಟನ್ ವಿಲಾ ಮತ್ತು ಶೆಫೀಲ್ಡ್ ಯುನೈಟೆಡ್. ವಿಲಾದ ಗೋಲ್‌ಕೀಪರ್ ಚೆಂಡು ಹಿಡಿದುಕೊಂಡೇ ಗೆರೆ ದಾಟಿ ಒಳಗೆ ಹೋದ. ಗೋಲ್ ಆಯಿತೋ ಇಲ್ಲವೋ ಅಂತ ಹೇಳುವ ಹಾಕ್-ಐ ಯಂತ್ರದ ಏಳೂ ಕ್ಯಾಮೆರಾಗಳಿಗೆ ಆಟಗಾರರು, ಗೋಲ್ ಕಂಬ ಅಡ್ಡ ಬಂದಿದ್ದವು. ಗೋಲ್ ಆದರೆ ಅಲುಗಿ ಹೇಳಬೇಕಿದ್ದ ರೆಫರಿಯ ವಾಚು ಅಲುಗಲಿಲ್ಲ. ವಿಎಆರ್ ಕೂಡ ಬಾಯಿ ಬಿಡಲಿಲ್ಲ. ಪಂದ್ಯ 0-0. ಹಾಕ್-ಐ ಕಂಪನಿ ಕ್ಷಮೆ ಕೇಳಿತು. ಕೊನೆಯ ಪಟ್ಟಿಯಲ್ಲಿ ವಿಲಾ 35 ಪಾಯಿಂಟಿನಿಂದ ಉಳಿಯಿತು. ಬೋರ್ನ್‌ಮತ್ 34 ಪಾಯಿಂಟಿನಿಂದ ಕೆಳಗಿನ ಡಿವಿಷನ್‌ಗೆ ಇಳಿಯಿತು. ಆ ಒಂದು ಗೋಲ್ ಕೊಟ್ಟು, ಉಳಿದದ್ದೆಲ್ಲ ಹಾಗೇ ಇಟ್ಟು ಲೆಕ್ಕ ಹಾಕಿದರೆ ಗೋಲ್ ವ್ಯತ್ಯಾಸದಲ್ಲಿ ಉಳಿಯುತ್ತಿದ್ದದ್ದು ಬೋರ್ನ್‌ಮತ್. ಉಳಿದ ಪಂದ್ಯಗಳು ಬೇರೆ ಥರ ಆಗುತ್ತಿದ್ದವು ಅಂತ ವಾದ ಮಾಡಬಹುದು, ಒಪ್ಪುತ್ತೇನೆ. ಆದರೆ ಬೋರ್ನ್‌ಮತ್ ಅಭಿಮಾನಿಯ ಮುಂದೆ ಹೋಗಿ ಆ ವಾದ ಮಾಡುವ ಧೈರ್ಯ ನನಗಂತೂ ಇಲ್ಲ.

ಹಾಗಂತ ಕ್ಷಮೆಯೇ ಬೇಡ ಅಂತಲ್ಲ. ಕ್ಷಮೆಯಿಂದ ಕೆಲಸ ಆದದ್ದೂ ಉಂಟು. 2010ರ ವಿಶ್ವಕಪ್, ಬ್ಲೂಮ್‌ಫಾಂಟೇನ್‌ನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಜರ್ಮನಿಯ ಗೋಲಿನ ಒಳಗೆ ಬಿದ್ದು ಹೊರಗೆ ಪುಟಿಯಿತು. ಇಡೀ ಜಗತ್ತಿಗೆ ಕಂಡಿತು, ರೆಫರಿಗೆ ಕಾಣಲಿಲ್ಲ. ಅದೇ ದಿನ ಅರ್ಜೆಂಟೀನಾದ ತೆವೆಜ್ ಆಫ್‌ಸೈಡ್‌ನಲ್ಲಿ ನಿಂತು ಮೆಕ್ಸಿಕೊ ವಿರುದ್ಧ ಗೋಲ್ ಹೊಡೆದ. ಫಿಫಾ ಅಧ್ಯಕ್ಷ ಬ್ಲಾಟರ್ ಎರಡೂ ದೇಶದವರ ಕ್ಷಮೆ ಕೇಳಿದರು. ಅಲ್ಲಿಯವರೆಗೆ ಯಂತ್ರ ಬೇಡವೇ ಬೇಡ ಅನ್ನುತ್ತಿದ್ದ ಮನುಷ್ಯ ಗೋಲ್‌ಲೈನ್ ತಂತ್ರಜ್ಞಾನದ ಚರ್ಚೆಗೆ ಬಾಗಿಲು ತೆರೆದರು. 2012ರಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಡಿಯಾಜ್ ಪ್ರಕರಣದ ನಂತರವೂ ಒಂದು ಬದಲಾವಣೆ ಆಯಿತು. ತೀರ್ಮಾನ ಏನು ಅಂತ ಕೋಣೆಯೊಳಗೆ ಒಬ್ಬರಿಗೊಬ್ಬರು ಖಚಿತ ಮಾಡಿಕೊಂಡು ಆಮೇಲೆ ಮೈದಾನಕ್ಕೆ ಹೇಳಬೇಕು ಅಂತಾಯಿತು. ನಾಲ್ಕು ವರ್ಷ ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆದಿರಲಿಲ್ಲವಾ ಅಂತ ಕೇಳಬೇಡಿ, ನನಗೂ ಅದೇ ಆಶ್ಚರ್ಯ.

ಕೆಲವರು ಕ್ಷಮೆಗೆ ಕಾಯುವುದನ್ನೇ ಬಿಟ್ಟಿದ್ದಾರೆ. ನಾರ್ವೆಯಲ್ಲಿ 2024ರ ಜುಲೈನಲ್ಲಿ ರೋಸೆನ್‌ಬೋರ್ಗ್ ಮತ್ತು ಲಿಲ್ಲೆಸ್ತ್ರೋಮ್ ಪಂದ್ಯದ ವೇಳೆ ಅಭಿಮಾನಿಗಳು ವಿಎಆರ್ ಬೇಡ ಅಂತ ಮೈದಾನಕ್ಕೆ ಮೀನಿನ ವಡೆ ಎಸೆದರು. ಪಂದ್ಯವೇ ನಿಂತುಹೋಯಿತು. ಸ್ವೀಡನ್‌ನಲ್ಲಿ ಕ್ಲಬ್ಬುಗಳ ಹಿಡಿತ ಸದಸ್ಯರ ಕೈಯಲ್ಲಿದೆ, ಅವರು ಬೇಡ ಅಂದರು, ಅಲ್ಲಿನ ಲೀಗ್‌ಗೆ ವಿಎಆರ್ ಬರಲೇ ಇಲ್ಲ. ಇಂಗ್ಲೆಂಡಿನಲ್ಲಿ 2024ರ ಜೂನ್‌ನಲ್ಲಿ ವುಲ್ವ್ಸ್, ಹೌದು ಅದೇ ವುಲ್ವ್ಸ್, ಇದನ್ನು ತೆಗೆದುಹಾಕಿ ಅಂತ ಮತಕ್ಕೆ ಹಾಕಿಸಿತು. 19-1. ಆ ಒಂದು ಮತ ಅವರದ್ದೇ.

ನಾನು ತೆಗೆದುಹಾಕಿ ಅನ್ನುವವರ ಪೈಕಿ ಅಲ್ಲ. 1986ರಲ್ಲಿ ಮರಡೋನಾ ಕೈಯಲ್ಲಿ ಹೊಡೆದ ಗೋಲನ್ನು ಈಗ ಕಥೆಯಾಗಿ ಸವಿಯುತ್ತೇವೆ, ನಿಜ. ಅವತ್ತು ಇಂಗ್ಲೆಂಡಿನವರಿಗೆ ಅದು ಕಥೆಯಾಗಿರಲಿಲ್ಲ. ನಾನು ಕೇಳುವುದು ಇಷ್ಟೇ. ಕ್ರಿಕೆಟ್‌ನಲ್ಲಿ ಥರ್ಡ್ ಅಂಪೈರ್ ಏನು ನೋಡುತ್ತಿದ್ದಾರೆ, ಏನು ಹೇಳುತ್ತಿದ್ದಾರೆ ಅಂತ ಮನೆಯಲ್ಲಿ ಕೂತು ಕೇಳುತ್ತೇವೆ. ಚೆಂಡು ಸ್ಟಂಪಿನ ಅಂಚಿಗಷ್ಟೇ ತಗುಲುವಂತಿದ್ದರೆ ಅಂಪೈರ್ ಕಾಲ್ ಅಂತ ಒಂದು ಸಂಶಯದ ಜಾಗವನ್ನು ನಿಯಮವೇ ಒಪ್ಪಿಕೊಂಡಿದೆ. ಅದಕ್ಕೂ ಜಗಳ ಇದ್ದೇ ಇದೆ. ಆದರೆ ಯಾವುದರ ಬಗ್ಗೆ ಜಗಳ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಡಿಯಾಜ್ ಗೋಲಿನ ಆ ಮಾತುಕತೆ ಆಗಲೇ ಮೈದಾನದ ಸ್ಪೀಕರಿನಲ್ಲಿ ಕೇಳಿಸಿದ್ದರೆ, ಫ್ರೀ ಕಿಕ್ ಹೊಡೆಯುವ ಮುಂಚೆ ಅರವತ್ತು ಸಾವಿರ ಜನ ಕೂಗಿ ಹೇಳುತ್ತಿದ್ದರು, ಅಲ್ವಾ?

ಸ್ವಲ್ಪ ದಾರಿ ತೆರೆದಿದೆ. ತೀರ್ಮಾನವನ್ನು ರೆಫರಿಯೇ ಮೈಕಿನಲ್ಲಿ ಹೇಳುವುದು 2023ರ ಮಹಿಳಾ ವಿಶ್ವಕಪ್‌ನಲ್ಲಿ ನಡೆಯಿತು. ಇಂಗ್ಲೆಂಡಿನಲ್ಲಿ ಇದು ಮೊದಲ ಸಲ ಕೇಳಿಸಿದ್ದು 2025ರ ಜನವರಿ 8ರಂದು, ಲೀಗ್ ಕಪ್ ಸೆಮಿಫೈನಲ್‌ನಲ್ಲಿ. ಯಾವ ಪಂದ್ಯ ಗೊತ್ತಾ? ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್, ಅದೇ ಮೈದಾನ. ಈ ಸಲ ಗೋಲ್ ಹೋದದ್ದು ಟಾಟನ್‌ಹ್ಯಾಮ್‌ನದು. ಸೊಲಾಂಕಿ ಆಫ್‌ಸೈಡ್ ಇದ್ದ ಅಂತ ರೆಫರಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಆ ಮೇಲೆ ಏನಾಯಿತು ಅಂತೀರಾ? ಟಾಟನ್‌ಹ್ಯಾಮ್‌ನ ಬರ್ಗ್‌ವಾಲ್ ಆಗಲೇ ಒಂದು ಹಳದಿ ಕಾರ್ಡ್ ಪಡೆದಿದ್ದ. ಕೊನೆಯ ನಿಮಿಷಗಳಲ್ಲಿ ಲಿವರ್‌ಪೂಲ್‌ನ ಒಬ್ಬನಿಗೆ ಜೋರಾಗಿ ಕಾಲು ಹಾಕಿದ. ಎರಡನೇ ಕಾರ್ಡ್ ಬರಲಿಲ್ಲ. ಏಟು ತಿಂದವನು ಚಿಕಿತ್ಸೆಗೆ ಹೊರಗೆ ನಿಂತಿದ್ದಾಗ ಅದೇ ಬರ್ಗ್‌ವಾಲ್ ಗೋಲ್ ಹೊಡೆದ, ಟಾಟನ್‌ಹ್ಯಾಮ್ 1-0ಯಲ್ಲಿ ಗೆದ್ದಿತು. ಎರಡನೇ ಹಳದಿ ಕಾರ್ಡ್ ವಿಎಆರ್ ನೋಡುವ ನಾಲ್ಕು ವಿಷಯಗಳಲ್ಲಿ ಬರುತ್ತಿರಲಿಲ್ಲ. ಹಾಗಾಗಿ ಆ ಬಗ್ಗೆ ಮೈಕಿನಲ್ಲಿ ಯಾರೂ ಏನೂ ಹೇಳಲಿಲ್ಲ.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಲಿವರ್‌ಪೂಲ್ ಅಭಿಮಾನಿಗಳು ಮೊದಲು ಕೇಳಲಿ, ಅವರದ್ದೇ ಜಾಸ್ತಿ ಇರುತ್ತದೆ.