ಕಂತಿನ ತಾಲೀಮು

ಕೇಳುಗರಿಗೆ ನಮಸ್ಕಾರ.

ಧಾರವಾಡಕ್ಕೆ ಬಂದ ಹನ್ನೊಂದು ವರ್ಷದಲ್ಲಿ ನಾವು ನಾಲ್ಕು ಬಾಡಿಗೆ ಮನೆ ಕಂಡಿದ್ದೇವೆ. ಮಾಳಮಡ್ಡಿ, ಸಪ್ತಾಪುರ, ಮತ್ತೆ ಮಾಳಮಡ್ಡಿ, ಈಗ ಕೆಲಗೇರಿ ಕಡೆ. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮಾಲಕರು ಮೊದಲ ದಿನವೇ ಹೇಳಿದ್ದರಿಂದ ನಮ್ಮ ಕ್ಯಾಲೆಂಡರು ಇವತ್ತಿಗೂ ಫ್ರಿಜ್ಜಿನ ಹಿಡಿಕೆಗೆ ಜೋತುಬಿದ್ದಿದೆ. ಹಾಲು ತೆಗೆಯುವಾಗೆಲ್ಲ ತಿಂಗಳು ಹಾರುತ್ತದೆ.

ಕಳೆದ ವರ್ಷ ಗಟ್ಟಿ ಮನಸ್ಸು ಮಾಡಿ ಸ್ವಂತ ಮನೆಗೆಂದು ಬ್ಯಾಂಕಿಗೆ ಹೋದೆವು. 30 ಲಕ್ಷ ಸಾಲ, ನೂರಕ್ಕೆ ಎಂಟೂವರೆ ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 26,000. ಇಬ್ಬರ ಪಗಾರ ನೋಡಿ ಬ್ಯಾಂಕಿನವರು 'ಆರಾಮ ಆಗ್ತೈತ್ರಿ' ಎಂದರು. ಮನೆಗೆ ಬಂದು ಗುಣಿಸಿದೆ. ಒಟ್ಟು ಕಟ್ಟುವುದು 62 ಲಕ್ಷ ದಾಟುತ್ತದೆ. ಆ ಸಂಜೆ ಚಹಾ ತಣ್ಣಗಾಯಿತು.

ನಮ್ಮ ಮಾವನವರು ಹರೆಯದಲ್ಲಿ ಗರಡಿಮನೆಯಲ್ಲಿ ಮಣ್ಣು ಮೆತ್ತಿಕೊಂಡವರು. ಅವರೇ ಹೇಳಿದ್ದು: 'ತಾಲೀಮು ಮಾಡದ ಕಣಕ್ಕ ಇಳೀತಾರೇನವಾ? ಒಂದು ವರ್ಷ ಕಂತು ಕಟ್ಟಿ ನೋಡ್ರಿ.' ಸಾಲವೇ ಇಲ್ಲದೆ ಕಂತು ಕಟ್ಟುವುದು ಹೇಗೆ? ಬಾಡಿಗೆ 9,000 ಹೋಗುತ್ತಿತ್ತು. ಉಳಿದ 17,000 ರೂಪಾಯಿಯನ್ನು ಪ್ರತಿ ತಿಂಗಳು 5ನೇ ತಾರೀಖಿಗೆ ಆರ್.ಡಿ.ಗೆ, ಅಂದರೆ ತಿಂಗಳ ತಿಂಗಳ ಠೇವಣಿಗೆ, ಹಾಕಲು ಶುರು ಮಾಡಿದೆವು. ಅದನ್ನು ಮುಟ್ಟುವಂತಿಲ್ಲ, ತಪ್ಪಿಸುವಂತಿಲ್ಲ.

ಏಪ್ರಿಲ್, ಮೇ ಸಲೀಸಾಗಿ ಹೋದವು. ನಾನಂತೂ ಪರದೆಯ ಬಣ್ಣ ಕೂಡ ಆರಿಸಿಬಿಟ್ಟಿದ್ದೆ. ಜೂನ್ ಬಂತು. ಶಾಲೆಯ ಫೀ, ಪುಸ್ತಕ, ಸಮವಸ್ತ್ರ, ರೇನ್‌ಕೋಟು. ಹೇಗೋ ತೂಗಿಸಿದೆವು. ಪಂಚಮಿಗೆ ನಾದಿನಿಯರು ಬಂದರು. ಉಂಡಿ, ಸೀರೆ, ಮಕ್ಕಳ ಕೈಗೆ ಒಂದಿಷ್ಟು ರೊಕ್ಕ. ಅದೇ ವಾರ ಸ್ಕೂಟರು ಕೈಕೊಟ್ಟಿತು. ಆ ತಿಂಗಳ 5ನೇ ತಾರೀಖು ಹಾಗೇ ಹೋಯಿತು. ನಿಜವಾದ ಸಾಲವಾಗಿದ್ದರೆ ದಂಡ ಬೀಳುತ್ತಿತ್ತು, ಸಾಲ ತೀರಿಸುವ ಶಿಸ್ತು ಅಳೆಯುವ ಸಿಬಿಲ್ ಸ್ಕೋರೂ ಕೆಡುತ್ತಿತ್ತು.

ವರ್ಷ ಮುಗಿಯುವಷ್ಟರಲ್ಲಿ ಏದುಸಿರು ಬಿಡದೆ ಕಟ್ಟಬಲ್ಲ ಮೊತ್ತ ತಿಳಿಯಿತು: ಬಾಡಿಗೆಯ ದುಡ್ಡೂ ಸೇರಿ 19,000. ಅದೇ ಬಡ್ಡಿಗೆ, ಅಷ್ಟೇ ವರ್ಷಕ್ಕೆ ಅದು ಸುಮಾರು 22 ಲಕ್ಷದ ಸಾಲ. ಬ್ಯಾಂಕು ಹೇಳಿದ್ದಕ್ಕಿಂತ 8 ಲಕ್ಷ ಕಡಿಮೆ. ಬೇಜಾರಾಯಿತು, ಸುಳ್ಳೇಕೆ ಹೇಳಲಿ? ಆದರೆ ಆರ್.ಡಿ.ಯಲ್ಲಿ ಕೂಡಿದ ದುಡ್ಡಿಗೆ ಕೆಲಸ ಕಾದಿತ್ತು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1ರ ಬದಲು 2 ಆಗಿದೆ. ಪಟ್ಟಣದಲ್ಲಿ 30 ಲಕ್ಷದ ಹಳೆಯ ಮನೆ ಕೊಂಡರೆ ಮುದ್ರಾಂಕ, ಸೆಸ್ಸು, ನೋಂದಣಿ ಎಲ್ಲ ಸೇರಿ 2,28,000 ರೂಪಾಯಿ. ಈ ಖರ್ಚಿಗೆ ಗೃಹಸಾಲ ಸಾಮಾನ್ಯವಾಗಿ ಒದಗುವುದಿಲ್ಲ. ಕೈಯಿಂದಲೇ ಹಾಕಬೇಕು.

ಬಜೆಟ್ ಇಳಿದದ್ದು ಏಜಂಟರಿಗೆ ಹೇಗೆ ಗೊತ್ತಾಗುತ್ತದೋ ಏನೋ! 'ಮನಿ ಬಿಡ್ರಿ, ಗುಂಟೆ ಪ್ಲಾಟ್ ತಗೋರಿ' ಎಂದು ಒಬ್ಬರು ಬೆನ್ನು ಹತ್ತಿದರು. ಒಂದು ಗುಂಟೆ ಅಂದರೆ 1,089 ಚದರ ಅಡಿ. ಅಗ್ಗ ಹೌದು. ಆದರೆ ಹೊಲ ಇನ್ನೂ ಎನ್.ಎ., ಅಂದರೆ ಕೃಷಿಯೇತರ ಜಮೀನು, ಆಗಿರಲಿಲ್ಲ, ಲೇಔಟಿಗೆ ಮಂಜೂರಾತಿಯೂ ಇರಲಿಲ್ಲ. ಬಾಂಡ್ ಪೇಪರ್ ಮೇಲೆ ಬರೆದುಕೊಡುತ್ತಾರಂತೆ. ಅದು ಖರೀದಿ ಪತ್ರ ಆಗುವುದಿಲ್ಲ, ಅದರ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ಕೈಮುಗಿದು ಬಂದೆವು.

ಇನ್ನೊಂದು ಮನೆಗೆ ಸಂಚಕಾರದ ಮುಂಗಡ ಕೊಡುವವರೆಗೂ ಹೋಗಿದ್ದೆವು. ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿದೆವು, ಚೊಕ್ಕಟವಾಗಿತ್ತು. ಆದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ವಕೀಲರು ವಂಶವೃಕ್ಷ ನೋಡಿ, 'ಮಾರುವವರ ತಂಗಿ ಎಲ್ಲಿದ್ದಾರೆ?' ಎಂದರು. ಪಿತ್ರಾರ್ಜಿತ ಮನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು. ತಂಗಿಯ ಸಹಿ ಕೇಳಿದ್ದಕ್ಕೆ ಅಣ್ಣನಿಗೆ ಸಿಟ್ಟು ಬಂತು. ಅಲ್ಲಿಗೆ ಆ ಮಾತು ನಿಂತಿತು.

ಆಮೇಲೆ ಹುಬ್ಬಳ್ಳಿಯಲ್ಲಿ, ನವಲಗುಂದ ರಸ್ತೆಯ ಕಡೆ ಒಂದು ಮನೆ. ಮಾರ್ಚಿನಲ್ಲಿ ನೋಡಿದಾಗ ಹೊಸ ಬಣ್ಣದ ವಾಸನೆ ಗಮ್ಮೆನ್ನುತ್ತಿತ್ತು. ಮಳೆ ಹಿಡಿದ ಮೇಲೆ ಇನ್ನೊಮ್ಮೆ ಹೋದೆವು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತ್ತು. ನನ್ನ ಮಗ ಎರಡು ರೂಪಾಯಿ ನಾಣ್ಯ ತೂರಿಸಿದ, ಸೀದಾ ಹೋಯಿತು. ಮಲಗುವ ಕೋಣೆಯ ಬಾಗಿಲನ್ನು ಹೆಗಲಿನಿಂದ ಎತ್ತಿದರಷ್ಟೇ ಮುಚ್ಚುತ್ತಿತ್ತು. ನಮ್ಮ ಜೊತೆ ಬಂದ ಗೌಂಡಿ ಅಣ್ಣ ಹೇಳಿದರು: 'ಎರಿ ಮಣ್ಣು ನೋಡ್ರಿ ಅಕ್ಕಾರ. ಬ್ಯಾಸಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ. ಪಾಯಾ ಕೆಳಗಿನ ಗಟ್ಟಿ ಗರಸಿಗೆ ಮುಟ್ಟಿಲ್ಲಂದ್ರ ಗ್ವಾಡಿ ಏನ್ ಮಾಡ್ತಾವ?' ಮಾರ್ಚಿನಲ್ಲೇ ಕೊಂಡಿದ್ದರೆ ಆ ಬಿರುಕು ಈಗ ನಮ್ಮದಾಗಿರುತ್ತಿತ್ತು. ಮಗ ನಾಣ್ಯ ವಾಪಸ್ ಬೇಕೆಂದು ಹಟ ಹಿಡಿದ, ಅದು ಬೇರೆ ಮಾತು.

ಈಗ ನವನಗರದ ಕಡೆ ಒಂದು ಹಳೆಯ ಮನೆ ನೋಡಿದ್ದೇವೆ. ಸಣ್ಣದು. ಮಳೆಗಾಲದಲ್ಲೂ ಗೋಡೆ ಒಣಗಿತ್ತು. ಅಂಗಳದ ನೆಲತೊಟ್ಟಿ ಮಾತ್ರ ಭಾರಿ ದೊಡ್ಡದು. ನಮ್ಮ ಅವಳಿ ನಗರದಲ್ಲಿ ದೊಡ್ಡ ತೊಟ್ಟಿ ಕಂಡರೆ ಖುಷಿಪಡಬೇಕೋ, ಹೆದರಬೇಕೋ? ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದವರನ್ನು ಕೇಳಿದೆ: 'ಅಕ್ಕಾರ, ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ?'

ಅವರು ನಕ್ಕರು. 'ಬಂದ ದಿನಾ ಬಂದೂ ಅಂತ ತಿಳ್ಕೋರಿ. ಗುರುವಾರ ಬರಬೇಕು ಈ ಸಲ.'

ಉಳಿದ ಕಾಗದಪತ್ರ ವಕೀಲರ ಹತ್ತಿರ ಇವೆ. ನಾವು ಗುರುವಾರ ಬೆಳಿಗ್ಗೆ ಐದಕ್ಕೇ ಹೋಗುವವರಿದ್ದೇವೆ, ಆ ನಲ್ಲಿಯ ಮುಂದೆ ನಿಲ್ಲಲು.

ನಮಸ್ಕಾರ.